ಗೇರ್ ಆಯಿಲ್ ಯಾವುದು ಹಾಕಿಸಲಿ? ಜೋರಾಗಿ ಓಡುವ ಮ್ಯಾನುಯಲ್ ಕಾರಿನವರಿಗೆ

"ಇಂಜಿನ್ ರೀಮ್ಯಾಪ್ ಆಯ್ತು, ಇಂಟೇಕ್ ಬದಲಾಯಿಸಿದ್ದಾಯ್ತು, ಈಗ ಗೇರ್‌ಬಾಕ್ಸ್‌ಗೆ ಯಾವ ಆಯಿಲ್ ಹಾಕಿಸಲಿ?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. (ರೀಮ್ಯಾಪ್ ಅಂದರೆ ಶಕ್ತಿ ಹೆಚ್ಚಿಸಲು ಇಂಜಿನ್‌ನ ಸಾಫ್ಟ್‌ವೇರ್ ತಿದ್ದುವುದು, ಇಂಟೇಕ್ ಅಂದರೆ ಇಂಜಿನ್‌ಗೆ ಗಾಳಿ ಹೋಗುವ ದಾರಿ.) ಕೇಳುವವರ ಕಾರು ಬೇರೆ ಬೇರೆ. ಒಬ್ಬರದು ಅಬಾರ್ತ್ ಪುಂಟೊ, ಇನ್ನೊಬ್ಬರದು ವರ್ಟಸ್ ಜಿಟಿ, ಮತ್ತೊಬ್ಬರು ಟೊರೊಂಟೊದಲ್ಲಿ ಸುಬಾರು ಡಬ್ಲ್ಯೂಆರ್‌ಎಕ್ಸ್ ಇಟ್ಟುಕೊಂಡವರು. ಪ್ರಶ್ನೆಯ ಹಿಂದಿರುವ ನಂಬಿಕೆ ಮಾತ್ರ ಒಂದೇ. ಜಾಸ್ತಿ ದುಡ್ಡು ಕೊಟ್ಟು, ದೊಡ್ಡ ನಂಬರ್ ಇರುವ ಡಬ್ಬ ತಂದರೆ ಗೇರ್‌ಬಾಕ್ಸ್‌ಗೆ ಒಳ್ಳೇದು ಅನ್ನೋದು.

ಹಾಗಿಲ್ಲ. ಇಂಜಿನ್ ಆಯಿಲ್‌ನಲ್ಲಿ ಸ್ವಲ್ಪ ಹೆಚ್ಚುಕಮ್ಮಿ ನಡೆಯುತ್ತದೆ. ಗೇರ್ ಆಯಿಲ್‌ನಲ್ಲಿ ದುಬಾರಿ ಡಬ್ಬವೇ ತಪ್ಪು ಡಬ್ಬ ಆಗಬಹುದು. ಆಯ್ಕೆ ಮಾಡುವುದು ಹೇಗೆ, ಹಾಕಿಸುವಾಗ ಎಲ್ಲಿ ಎಡವುತ್ತೇವೆ ಅನ್ನುವುದನ್ನು ಒಂದೊಂದೇ ಹಂತವಾಗಿ ನೋಡೋಣ. ಇದು ಕ್ಲಚ್ ಪೆಡಲ್ ಇರುವ ಮ್ಯಾನುಯಲ್ ಕಾರುಗಳಿಗೆ ಮಾತ್ರ. ಡಿಎಸ್‌ಜಿ, ಸಿವಿಟಿ, ಎಎಂಟಿ ತರಹದ, ತಾನೇ ಗೇರ್ ಬದಲಿಸುವ ಪೆಟ್ಟಿಗೆ ಇರುವವರು ಇದನ್ನು ನೋಡಿ ಆಯಿಲ್ ಕೊಳ್ಳಬೇಡಿ.

ಮೊದಲು ಒಂದು ವಿಷಯ: ಗೇರ್‌ಬಾಕ್ಸ್ ಒಳಗಿನ ಜಗಳ

ಇಷ್ಟು ಅರ್ಥವಾದರೆ ಉಳಿದದ್ದೆಲ್ಲ ಸುಲಭ. ಅದಕ್ಕೇ ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ.

ಗೇರ್‌ಬಾಕ್ಸ್ ಒಳಗೆ ಎರಡು ತರಹದ ಭಾಗಗಳಿವೆ. ಒಂದು, ಗೇರ್‌ಗಳ ಹಲ್ಲು ಮತ್ತು ಬೇರಿಂಗ್. ಇವುಗಳಿಗೆ ಜಾರಿಕೆ ಬೇಕು. ಉಕ್ಕಿಗೆ ಉಕ್ಕು ತಾಗದಂತೆ ಮಧ್ಯೆ ಎಣ್ಣೆಯ ಪದರ ನಿಲ್ಲಬೇಕು. ಇನ್ನೊಂದು, ಸಿಂಕ್ರೊ. ಅಂದರೆ ಪ್ರತಿ ಗೇರ್ ಪಕ್ಕ ಕೂತಿರುವ ಒಂದು ಉಂಗುರ. ಹೆಚ್ಚಿನ ಕಾರುಗಳಲ್ಲಿ ಇದು ಹಿತ್ತಾಳೆಯದು. ಕೆಲವದರಲ್ಲಿ ಇದರ ಮೇಲೆ ಕಾರ್ಬನ್ ಅಥವಾ ಬೇರೆ ಲೈನಿಂಗ್ ಇರುತ್ತದೆ.

ನೀವು ಎರಡನೇ ಗೇರ್‌ನಿಂದ ಮೂರಕ್ಕೆ ಎಳೆದಾಗ ಏನಾಗುತ್ತದೆ? ಮೂರನೇ ಗೇರ್ ಒಂದು ವೇಗದಲ್ಲಿ ತಿರುಗುತ್ತಿರುತ್ತದೆ, ಶಾಫ್ಟ್ ಇನ್ನೊಂದು ವೇಗದಲ್ಲಿ. ಸಿಂಕ್ರೊ ಉಂಗುರ ಗೇರ್‌ನ ಕೋನ್‌ಗೆ, ಅಂದರೆ ಶಂಕುವಿನ ಆಕಾರದ ಭಾಗಕ್ಕೆ, ಒತ್ತಿಕೊಂಡು, ಉಜ್ಜಿ, ಎರಡನ್ನೂ ಒಂದೇ ವೇಗಕ್ಕೆ ತರುತ್ತದೆ. ಆಮೇಲೆ ಗೇರ್ ಬೀಳುತ್ತದೆ. ಒಂದು ಪುಟ್ಟ ಬ್ರೇಕ್ ಅಂದುಕೊಳ್ಳಿ. ಬ್ರೇಕ್‌ಗೆ ಎಣ್ಣೆ ಸವರಿದರೆ ಹಿಡಿಯುತ್ತದಾ? ಆದರೆ ಈ ಬ್ರೇಕ್ ಎಣ್ಣೆಯಲ್ಲೇ ಮುಳುಗಿದೆ!

ಹಾಗಾಗಿ ಒಂದೇ ಎಣ್ಣೆ ಹಲ್ಲುಗಳ ಹತ್ತಿರ ಜಾರಬೇಕು, ಸಿಂಕ್ರೊ ಹತ್ತಿರ ಜಾರಬಾರದು. ಜಾರಿಕೆ ಜಾಸ್ತಿಯಾದರೆ ಉಂಗುರ ಹಿಡಿಯುವುದಿಲ್ಲ, ವೇಗ ಹೊಂದುವುದಿಲ್ಲ, ಗೇರ್ ಕರ್ ಎನ್ನುತ್ತದೆ. ಆಯಿಲ್ ತೀರಾ ಗಟ್ಟಿಯಿದ್ದರೆ ಉಂಗುರ ಎಣ್ಣೆಯ ಪದರವನ್ನು ಬೇಗ ಒರೆಸಿ ಹಾಕಲಾರದು. ಆಗ ಬೆಳಗ್ಗೆ ಲಿವರ್ ಕಲ್ಲಿನ ಹಾಗೆ ಇರುತ್ತದೆ. ತೀರಾ ತೆಳುವಿದ್ದರೆ ಗೇರ್ ಸಲೀಸಾಗಿ ಬೀಳುತ್ತದೆ, ಆದರೆ ಬಿಸಿಯಾದ ಮೇಲೆ ಹಲ್ಲು, ಬೇರಿಂಗ್ ಸವೆಯುತ್ತವೆ.

ನಿಮ್ಮ ಗೇರ್‌ಬಾಕ್ಸ್ ಮಾಡಿದವರು ಈ ಜಗಳಕ್ಕೆ ಒಂದು ರಾಜಿ ಹುಡುಕಿದ್ದಾರೆ. ಆ ರಾಜಿ ಕಾರಿನ ಜೊತೆ ಬರುವ ಪುಸ್ತಕದಲ್ಲಿ ಒಂದು ಸಾಲಿನಲ್ಲಿದೆ. ನಾವು ಅಲ್ಲಿಂದಲೇ ಶುರುಮಾಡಬೇಕು.

ಹಂತ 1: ನಿಮ್ಮ ಗೇರ್‌ಬಾಕ್ಸ್ ಏನು ಕೇಳುತ್ತದೆ, ಓದಿ

ಕಾರಿನ ಜೊತೆ ಬಂದ ಪುಸ್ತಕ ತೆಗೆಯಿರಿ. ಕೊನೆಯ ಪುಟಗಳಲ್ಲಿ ಎಷ್ಟು ಲೀಟರ್, ಯಾವ ದರ್ಜೆ ಅಂತ ಒಂದು ಪಟ್ಟಿ ಇರುತ್ತದೆ. ಮೂರು ವಿಷಯ ಬರೆದುಕೊಳ್ಳಿ. ಜಿಎಲ್ ಸಂಖ್ಯೆ (ಜಿಎಲ್-4 ತರಹದ್ದು), ದಪ್ಪದ ಸಂಖ್ಯೆ (75ಡಬ್ಲ್ಯೂ-90 ತರಹದ್ದು), ಎಷ್ಟು ಲೀಟರ್. ಮೊದಲೆರಡರ ಅರ್ಥ ಮುಂದಿನ ಹಂತಗಳಲ್ಲಿ ಬರುತ್ತದೆ. ಕಂಪನಿ ತನ್ನದೇ ಪಾರ್ಟ್ ನಂಬರ್ ಕೊಟ್ಟಿದ್ದರೆ ಅದನ್ನೂ ಬರೆದುಕೊಳ್ಳಿ.

"ಎಲ್ಲಾ ಕಾರಿಗೂ ಜಿಎಲ್-4, 75ಡಬ್ಲ್ಯೂ-90 ಹಾಕಿದರೆ ಆಯ್ತು" ಅನ್ನುವ ಮಾತು ಕೇಳಿರುತ್ತೀರಿ. ಬಹಳಷ್ಟು ಕಾರಿಗೆ ಅದು ನಡೆಯುತ್ತದೆ, ನಿಜ. ನಡೆಯದ ಮೂರು ಉದಾಹರಣೆ ನೋಡಿ.

ಡಬ್ಲ್ಯೂಆರ್‌ಎಕ್ಸ್ ತರಹದ ಸುಬಾರು ಕಾರುಗಳಲ್ಲಿ ಇಂಜಿನ್ ಉದ್ದುದ್ದಕ್ಕೆ ಕೂತಿದೆ. ಮುಂದಿನ ಚಕ್ರಗಳ ಡಿಫರೆನ್ಷಿಯಲ್, ಅಂದರೆ ಎಡ ಬಲದ ಚಕ್ರಗಳಿಗೆ ಶಕ್ತಿ ಹಂಚುವ ಗೇರ್‌ಗಳ ಗುಂಪು, ಗೇರ್‌ಬಾಕ್ಸ್ ಒಳಗೇ ಇದೆ, ಎರಡಕ್ಕೂ ಒಂದೇ ಎಣ್ಣೆ. ಆ ಡಿಫರೆನ್ಷಿಯಲ್ ಹೈಪಾಯ್ಡ್ ತರಹದ್ದು. ಅಂದರೆ ಹಲ್ಲುಗಳು ಉರುಳುವುದರ ಜೊತೆ ಒಂದರ ಮೇಲೊಂದು ಜೋರಾಗಿ ಜಾರುತ್ತವೆ. ಅದಕ್ಕೆ ಜಿಎಲ್-5 ರಕ್ಷಣೆ ಬೇಕೇ ಬೇಕು, ಸುಬಾರು ಹೇಳುವುದೂ ಜಿಎಲ್-5, 75ಡಬ್ಲ್ಯೂ-90. ಅಲ್ಲಿ "ಸಿಂಕ್ರೊಗೆ ಒಳ್ಳೇದು" ಅಂತ ಜಿಎಲ್-4 ಹಾಕಿದರೆ ಸಿಂಕ್ರೊ ಉಳಿದೀತು, ಡಿಫರೆನ್ಷಿಯಲ್ ಹೋದೀತು.

ಹೋಂಡಾ ತನ್ನದೇ ಎಂಟಿಎಫ್ ಕೇಳುತ್ತದೆ. ಎಂಟಿಎಫ್ ಅಂದರೆ ಮ್ಯಾನುಯಲ್ ಗೇರ್‌ಬಾಕ್ಸ್‌ಗೇ ಮಾಡಿದ ತೆಳುವಾದ ಎಣ್ಣೆ. ಅದು ಸಿಗದಿದ್ದರೆ ತಾತ್ಕಾಲಿಕವಾಗಿ 10ಡಬ್ಲ್ಯೂ-30 ಇಂಜಿನ್ ಆಯಿಲ್ ಹಾಕಬಹುದು ಅಂತ ಹೋಂಡಾದ ಹಲವು ಪುಸ್ತಕಗಳಲ್ಲೇ ಇದೆ. ಆದಷ್ಟು ಬೇಗ ತೆಗೆದು ಎಂಟಿಎಫ್ ಹಾಕಿ ಅಂತಲೂ ಇದೆ. ಮೊದಲ ಸಾಲು ಮಾತ್ರ ಓದಿದವರು ಜಾಸ್ತಿ.

ಇನ್ನು ಅಮೆರಿಕದ ಟ್ರೆಮೆಕ್ ಟಿ-56. ವೈಪರ್, ಕಮಾರೊ ತರಹದ ಭಾರೀ ಶಕ್ತಿಯ ಕಾರುಗಳಲ್ಲಿ ಬಂದ ಆರು ಗೇರಿನ ಪೆಟ್ಟಿಗೆ. ಅದು ಕೇಳುವುದು ಗೇರ್ ಆಯಿಲ್ ಅನ್ನೇ ಅಲ್ಲ, ಎಟಿಎಫ್. ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಹಾಕುವ ಕೆಂಪು ಎಣ್ಣೆ. "ಇಷ್ಟು ಪವರ್‌ಗೆ ಇಷ್ಟು ತೆಳು ಎಣ್ಣೆಯಾ?" ಅಂತ ಅನುಮಾನಪಟ್ಟು ದಪ್ಪದ್ದು ಹಾಕಿದರೆ ಅದರ ಸಿಂಕ್ರೊಗಳು ಕೆಲಸವನ್ನೇ ಮಾಡುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡವರು ಇನ್ನೂ ಒಂದು ವಿಷಯ ವಿಚಾರಿಸಿ. ಹಿಂದಿನ ಮಾಲೀಕರು ಗೇರ್‌ಬಾಕ್ಸ್ ಬದಲಾಯಿಸಿದ್ದಾರಾ, ಒಳಗೆ ಎಲ್‌ಎಸ್‌ಡಿ ಹಾಕಿಸಿದ್ದಾರಾ? ಎಲ್‌ಎಸ್‌ಡಿ ಅಂದರೆ ಒಂದು ಚಕ್ರ ಮಾತ್ರ ಸುಮ್ನೆ ತಿರುಗಿ ಶಕ್ತಿ ಪೋಲಾಗದಂತೆ ತಡೆಯುವ ಡಿಫರೆನ್ಷಿಯಲ್. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಗೇರ್‌ಗಳಿಂದಲೇ ಕೆಲಸ ಮಾಡುವ ಹೆಲಿಕಲ್ ಬಗೆಗೆ ವಿಶೇಷ ಎಣ್ಣೆ ಬೇಡ. ಕ್ಲಚ್ ಪ್ಲೇಟ್ ಇರುವ ಬಗೆಯಾದರೆ ಅದನ್ನು ಮಾಡಿದ ಕಂಪನಿ ಹೇಳಿದ ಎಣ್ಣೆಯನ್ನೇ ಹಾಕಬೇಕು. ಅಲ್ಲಿ ಕಾರಿನ ಪುಸ್ತಕದ ಮಾತು ನಡೆಯುವುದಿಲ್ಲ.

ಹಂತ 2: ಜಿಎಲ್-4, ಜಿಎಲ್-5. ಇದು ಮೆಟ್ಟಿಲಲ್ಲ

ಜಿಎಲ್ ಸಂಖ್ಯೆ ಕೊಡುವುದು ಅಮೆರಿಕದ ಎಪಿಐ ಸಂಸ್ಥೆ. ಹಲ್ಲುಗಳ ಮೇಲೆ ಎಷ್ಟು ಒತ್ತಡ ಬೀಳುತ್ತದೆ, ಅದಕ್ಕೆ ಎಷ್ಟು ರಾಸಾಯನಿಕ ರಕ್ಷಣೆ ಬೇಕು ಅನ್ನುವುದರ ಗುರುತು ಅದು. ಐದು ನಾಲ್ಕಕ್ಕಿಂತ ದೊಡ್ಡದು, ಹಾಗಾಗಿ ಒಳ್ಳೇದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಜಿಎಲ್-5 ಇರುವುದು ಮುಖ್ಯವಾಗಿ ಹೈಪಾಯ್ಡ್ ಡಿಫರೆನ್ಷಿಯಲ್‌ಗೆ. ಅದರಲ್ಲಿ ಗಂಧಕ ಮತ್ತು ರಂಜಕದ ಇಪಿ ಸೇರಿಕೆ, ಅಂದರೆ ವಿಪರೀತ ಒತ್ತಡ ತಡೆಯುವ ರಾಸಾಯನಿಕ, ಜಿಎಲ್-4ರ ಸುಮಾರು ಎರಡರಷ್ಟು ಇರುತ್ತದೆ. ಡಬ್ಬ ತೆರೆದಾಗ ಬರುವ ಆ ಕೆಟ್ಟ ವಾಸನೆ ಇದೇ ಗಂಧಕದ್ದು. ಬಿಸಿಯಾದಾಗ ಇದು ಉಕ್ಕಿನ ಮೇಲೆ ಒಂದು ತೆಳು ಪದರ ಕಟ್ಟುತ್ತದೆ. ಉಕ್ಕಿನ ಬದಲು ಆ ಪದರ ಸವೆಯುತ್ತದೆ.

ಹಿತ್ತಾಳೆಗೆ ಇದರಿಂದ ಎರಡು ತೊಂದರೆ. ಹಳೆಯ ಕಾಲದ ಜಿಎಲ್-5 ಎಣ್ಣೆಗಳಲ್ಲಿ ಗಂಧಕ ತಾಮ್ರವನ್ನು ತಿನ್ನುತ್ತಿತ್ತು. ಹಿತ್ತಾಳೆಯಲ್ಲಿ ತಾಮ್ರ ಇದೆ ತಾನೆ? ಈಗಿನ ಒಳ್ಳೆಯ ಎಣ್ಣೆಗಳಲ್ಲಿ ಈ ಹೆದರಿಕೆ ಬಹಳ ಕಮ್ಮಿ. ತಾಮ್ರದ ಪಟ್ಟಿಯನ್ನು ಬಿಸಿ ಎಣ್ಣೆಯಲ್ಲಿ ಮುಳುಗಿಸಿಟ್ಟು ಬಣ್ಣ ಎಷ್ಟು ಕೆಟ್ಟಿತು ಅಂತ ನೋಡುವ ಪರೀಕ್ಷೆಯೇ ಇದೆ, ಒಳ್ಳೆಯ ಕಂಪನಿಗಳ ಎಣ್ಣೆ ಅದರಲ್ಲಿ ಪಾಸಾಗುತ್ತದೆ.

ಉಳಿದಿರುವುದು ಎರಡನೇ ತೊಂದರೆ. ಆ ಸೇರಿಕೆಗಳು ಸಿಂಕ್ರೊ ಹಿಡಿತವನ್ನು ಕೆಡಿಸುತ್ತವೆ. ಎಣ್ಣೆ ಏನನ್ನೂ ತಿನ್ನದಿದ್ದರೂ ಉಂಗುರ ಜಾರುತ್ತದೆ. ಶುರುವಿನಲ್ಲಿ ಆರಾಮಾಗಿಯೇ ಅನ್ನಿಸುತ್ತದೆ. ಆಮೇಲೆ ಜೋರಾಗಿ ಎಳೆದಾಗ ಮೂರನೇ ಗೇರ್ ಕರ್ ಎನ್ನಲು ಶುರು. ಪ್ರತಿ ಸಲ ಕರ್ ಎಂದಾಗಲೂ ಗೇರಿನ ಕಚ್ಚುವ ಹಲ್ಲಿನ ತುದಿ ಸವೆಯುತ್ತದೆ. ಎಣ್ಣೆಯನ್ನು ವಾಪಸ್ ಬದಲಾಯಿಸಬಹುದು, ಸವೆದ ಹಲ್ಲನ್ನು ವಾಪಸ್ ತರಲಾಗದು.

ಪುಸ್ತಕದಲ್ಲಿ ಜಿಎಲ್-4 ಇದ್ದರೆ ಜಿಎಲ್-4 ಹಾಕಿ, ಜಿಎಲ್-5 ಇದ್ದರೆ ಜಿಎಲ್-5. ಎರಡೂ ನಡೆಯುತ್ತದೆ ಅಂತ ಇದ್ದರೆ ನಾನು ಜಿಎಲ್-4 ಕಡೆಗೇ ಹೋಗುತ್ತೇನೆ. ಇಂಜಿನ್ ಅಡ್ಡಲಾಗಿ ಕೂತು ಮುಂದಿನ ಚಕ್ರಗಳಿಗೆ ಶಕ್ತಿ ಹೋಗುವ ಮುಂಚಕ್ರದ ಕಾರುಗಳಲ್ಲಿ, ಅಂದರೆ ನಮ್ಮಲ್ಲಿ ಓಡುವ ಬಹುಪಾಲು ಹಾಟ್ ಹ್ಯಾಚ್‌ಗಳಲ್ಲಿ (ಚುರುಕಾದ ಚಿಕ್ಕ ಕಾರುಗಳಲ್ಲಿ), ಹೈಪಾಯ್ಡ್ ಗೇರ್ ಇಲ್ಲವೇ ಇಲ್ಲ. ಇಲ್ಲದ ಭಾಗಕ್ಕೆ ರಕ್ಷಣೆ ಕೊಟ್ಟು ಇರುವ ಸಿಂಕ್ರೊವನ್ನು ಯಾಕೆ ಕೆಡಿಸಬೇಕು?

ಡಬ್ಬದ ಮೇಲೆ ಕಾಣುವ ಇನ್ನು ಕೆಲವು ಬರಹಗಳಿವೆ.

"ಜಿಎಲ್-4/ಜಿಎಲ್-5" ಅಂತ ಎರಡೂ ಬರೆದಿದ್ದರೆ, ಅದರ ರಕ್ಷಣೆ ಜಿಎಲ್-5 ಮಟ್ಟದ್ದು, ಹಿತ್ತಾಳೆಗೂ ಹಾನಿಯಿಲ್ಲ ಅಂತ ಕಂಪನಿ ಹೇಳುತ್ತಿದೆ ಎಂದರ್ಥ. ಮೋತುಲ್ ಗೇರ್ 300 ಈ ಬಗೆಯದು. ಇಂಥವುಗಳನ್ನು ಖುಷಿಯಾಗಿ ಬಳಸುವವರು ಎಷ್ಟೋ ಜನ ಇದ್ದಾರೆ. ಆದರೆ ನಿಮ್ಮ ಸಿಂಕ್ರೊಗೆ ಒಪ್ಪುತ್ತದಾ ಅನ್ನುವುದನ್ನು ಓಡಿಸಿಯೇ ನೋಡಬೇಕು.

"ಜಿಎಲ್-4 ಪ್ಲಸ್" ಅಂತ ಎಪಿಐ ದರ್ಜೆ ಯಾವುದೂ ಇಲ್ಲ. ಅದು ಮಾರಾಟದ ಭಾಷೆ. "ಎಂಟಿ-1" ಸಿಂಕ್ರೊ ಇಲ್ಲದ ಲಾರಿ, ಬಸ್ಸುಗಳ ಗೇರ್‌ಬಾಕ್ಸ್‌ಗೆ. ಇನ್ನು ಜಿಎಲ್-6 ಕೇಳಿಕೊಂಡು ಅಂಗಡಿ ಅಲೆಯುವವರಿಗೆ: ಆ ದರ್ಜೆ ಚಲಾವಣೆಯಲ್ಲಿಲ್ಲ, ಅದನ್ನು ಪರೀಕ್ಷಿಸುವ ಯಂತ್ರಗಳೂ ಈಗ ಸಿಗುವುದಿಲ್ಲ.

ಹಂತ 3: 75ಡಬ್ಲ್ಯೂ-90 ಅಂದರೆ ಏನು

ಗೇರ್ ಆಯಿಲ್ ದಪ್ಪದ ಲೆಕ್ಕ ಇಂಜಿನ್ ಆಯಿಲ್ ಲೆಕ್ಕಕ್ಕಿಂತ ಬೇರೆ. 90 ಅಂದ ತಕ್ಷಣ 40ರ ಇಂಜಿನ್ ಆಯಿಲ್‌ನ ಎರಡರಷ್ಟು ಗಟ್ಟಿ ಅಂದುಕೊಳ್ಳಬೇಡಿ. 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ 90ರ ಗೇರ್ ಆಯಿಲ್ 13.5ರಿಂದ 18.5 ಸೆಂಟಿಸ್ಟೋಕ್ಸ್ ಒಳಗೆ ಇರುತ್ತದೆ. ಸೆಂಟಿಸ್ಟೋಕ್ಸ್ ಅಂದರೆ ಎಣ್ಣೆ ಎಷ್ಟು ನಿಧಾನವಾಗಿ ಹರಿಯುತ್ತದೆ ಅನ್ನುವುದರ ಅಳತೆ. 40ರ ಇಂಜಿನ್ ಆಯಿಲ್ ಅದೇ ಬಿಸಿಯಲ್ಲಿ 12.5ರಿಂದ 16.3. ಹೆಚ್ಚುಕಮ್ಮಿ ಅಕ್ಕಪಕ್ಕದವರೇ.

ಡಬ್ಲ್ಯೂ ಮೊದಲಿನ ಸಂಖ್ಯೆ ಚಳಿಯಲ್ಲಿ ಎಣ್ಣೆ ಹೇಗಿರುತ್ತದೆ ಅನ್ನುವುದಕ್ಕೆ. 75ಡಬ್ಲ್ಯೂ ಅನ್ನು ಮೈನಸ್ 40 ಡಿಗ್ರಿಯಲ್ಲಿ ಅಳೆಯುತ್ತಾರೆ, 80ಡಬ್ಲ್ಯೂ ಅನ್ನು ಮೈನಸ್ 26ರಲ್ಲಿ, 85ಡಬ್ಲ್ಯೂ ಅನ್ನು ಮೈನಸ್ 12ರಲ್ಲಿ. "ಬೆಂಗಳೂರಿನಲ್ಲಿ ಮೈನಸ್ ಎಲ್ಲಿದೆ, 75ಡಬ್ಲ್ಯೂ ನಮಗ್ಯಾಕೆ?" ಅಂತ ಕೇಳಬಹುದು. ಮೈನಸ್ ಇಲ್ಲ, ಸರಿ. ಆದರೆ ಡಿಸೆಂಬರ್ ಬೆಳಗ್ಗೆ 15 ಡಿಗ್ರಿಯಲ್ಲೂ 85ಡಬ್ಲ್ಯೂ-140 ಜೇನುತುಪ್ಪದ ಹಾಗಿರುತ್ತದೆ. 75ಡಬ್ಲ್ಯೂ-90 ಆಗಲೇ ಹರಿಯುತ್ತಿರುತ್ತದೆ. ಮೊದಲ ಎರಡು ಕಿಲೋಮೀಟರ್ ಎರಡನೇ ಗೇರ್ ಬೀಳಲು ಹಠ ಮಾಡುವುದು ಈ ಕಾರಣಕ್ಕೇ. ಟೊರೊಂಟೊ, ಮಿನಿಯಾಪೊಲಿಸ್ ಕಡೆ ಇರುವವರಿಗಂತೂ ಈ ಮೊದಲಿನ ಸಂಖ್ಯೆಯೇ ಮುಖ್ಯ.

ಇಲ್ಲಿ ಒಂದು ನಿಯಮ ಇಟ್ಟುಕೊಳ್ಳಿ. ಪುಸ್ತಕದಲ್ಲಿರುವ ದಪ್ಪದಿಂದ ಹೆಚ್ಚೆಂದರೆ ಒಂದೇ ಹೆಜ್ಜೆ ಆಚೆ. ಪುಸ್ತಕ 75ಡಬ್ಲ್ಯೂ-80 ಎಂದರೆ, ರೇಸ್ ಟ್ರ್ಯಾಕ್‌ಗೆ ಹೋಗುವವರು 75ಡಬ್ಲ್ಯೂ-85 ಯೋಚಿಸಬಹುದು. ನೇರವಾಗಿ 140ಕ್ಕೆ ಹಾರಬೇಡಿ. ಹಳೇ ಗೇರ್‌ಬಾಕ್ಸ್ ಶಬ್ದ ಮಾಡುತ್ತದೆ ಅಂತ ದಪ್ಪ ಎಣ್ಣೆ ಹಾಕಿ ಮಾರುವುದು ಸೆಕೆಂಡ್ ಹ್ಯಾಂಡ್ ವ್ಯಾಪಾರದ ಹಳೇ ಉಪಾಯ. ಶಬ್ದ ಅಡಗುತ್ತದೆ, ಬೇರಿಂಗ್ ಹಾಗೇ ಸವೆಯುತ್ತಿರುತ್ತದೆ.

ಹಂತ 4: ನೀವು ನಿಜವಾಗಿ ಹೇಗೆ ಓಡಿಸುತ್ತೀರಿ?

ಪ್ರಾಮಾಣಿಕವಾಗಿ ಉತ್ತರ ಕೊಟ್ಟುಕೊಳ್ಳಿ, ಇಲ್ಲಿ ಯಾರೂ ನೋಡುತ್ತಿಲ್ಲ.

ದಿನಾ ಆಫೀಸು, ವಾರಕ್ಕೊಮ್ಮೆ ನಂದಿಬೆಟ್ಟ, ಆಗಾಗ ಊರು. ನಿಮ್ಮದು ಇಷ್ಟೇ ಆದರೆ ಪುಸ್ತಕದ ದರ್ಜೆಯ ಒಳ್ಳೆಯ ಸಿಂಥೆಟಿಕ್ ಸಾಕು. ರೀಮ್ಯಾಪ್ ಮಾಡಿಸಿದ್ದರೂ ಅಷ್ಟೇ. ರಸ್ತೆಯಲ್ಲಿ ಪೂರ್ತಿ ಶಕ್ತಿ ಬಳಸುವುದು ಕೆಲವೇ ಸೆಕೆಂಡು.

ಶಿರಾಡಿ, ಚಾರ್ಮಾಡಿ ಘಾಟಿಯಲ್ಲಿ ಜೋರಾಗಿ ಏರಿಳಿಯುವವರ ಕಥೆ ಸ್ವಲ್ಪ ಬೇರೆ. ಎರಡು, ಮೂರು, ಮತ್ತೆ ಎರಡು ಅಂತ ಸಿಂಕ್ರೊಗಳಿಗೆ ಬಿಡುವೇ ಇರುವುದಿಲ್ಲ. ಇವರು ದಪ್ಪ ಹೆಚ್ಚಿಸುವುದಕ್ಕಿಂತ ಎಣ್ಣೆಯನ್ನು ಬೇಗ ಬದಲಾಯಿಸುವುದು ಮೇಲು.

ಚೆನ್ನೈ ಹತ್ತಿರದ ಇರುಂಗಾಟುಕೋಟೈ ಅಥವಾ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ರೇಸ್ ಟ್ರ್ಯಾಕ್‌ಗೆ ಹೋಗಿ ಇಪ್ಪತ್ತು ನಿಮಿಷದ ಸೆಷನ್ ಹೊಡೆಯುವವರಿಗೆ ಶತ್ರು ಬಿಸಿ. ಸತತವಾಗಿ ಓಡಿಸಿದಾಗ ಗೇರ್ ಆಯಿಲ್ 120 ಡಿಗ್ರಿ ದಾಟುವುದು ದೊಡ್ಡ ವಿಷಯವೇನಲ್ಲ. ಬಿಸಿ 10 ಡಿಗ್ರಿ ಏರಿದಂತೆಲ್ಲ ಎಣ್ಣೆ ಹಾಳಾಗುವ ವೇಗ ಸುಮಾರು ಎರಡರಷ್ಟಾಗುತ್ತದೆ ಅನ್ನುವುದು ಈ ಕ್ಷೇತ್ರದ ಅಂದಾಜು ಸೂತ್ರ. ಇಲ್ಲಿ ಮಿನರಲ್ ಎಣ್ಣೆ, ಅಂದರೆ ಕಚ್ಚಾ ತೈಲ ಶುದ್ಧಿ ಮಾಡಿ ತೆಗೆದ ಎಣ್ಣೆ, ಬಿಟ್ಟುಬಿಡಿ. ಪಿಎಒ ಅಥವಾ ಎಸ್ಟರ್ ಆಧಾರದ ಪೂರ್ತಿ ಸಿಂಥೆಟಿಕ್ ತೆಗೆದುಕೊಳ್ಳಿ. ಇವೆರಡೂ ಪ್ರಯೋಗಾಲಯದಲ್ಲಿ ಕಟ್ಟಿದ ಎಣ್ಣೆಗಳು, ಬಿಸಿಗೆ ಬೇಗ ಕೆಡುವುದಿಲ್ಲ.

ಇವರು ಇನ್ನೊಂದು ಪದ ತಿಳಿದಿರಬೇಕು: ಶಿಯರ್. 75ಡಬ್ಲ್ಯೂ-90 ತರಹದ ಎಣ್ಣೆಯಲ್ಲಿ ಬಿಸಿಯಾದಾಗಲೂ ದಪ್ಪ ಉಳಿಯಲಿ ಅಂತ ಉದ್ದುದ್ದ ಸರಪಳಿಯಂಥ ಅಣುಗಳನ್ನು ಸೇರಿಸಿರುತ್ತಾರೆ. ಗೇರಿನ ಹಲ್ಲುಗಳು ಕತ್ತರಿಯ ಹಾಗೆ ಆ ಸರಪಳಿಗಳನ್ನು ತುಂಡು ಮಾಡುತ್ತವೆ. ಕೆಲವು ಸಾವಿರ ಕಿಲೋಮೀಟರಿಗೆ 90 ಇದ್ದದ್ದು 80ರ ಹತ್ತಿರ ಬಂದಿರುತ್ತದೆ. ಒಳ್ಳೆಯ ಪಿಎಒ, ಎಸ್ಟರ್ ಎಣ್ಣೆಗಳಿಗೆ ಈ ಸರಪಳಿ ಕಮ್ಮಿ ಸಾಕು. ಡಬ್ಬದ ಬೆಲೆಯಲ್ಲಿ ನಿಜವಾಗಿ ನಿಮಗೆ ಸಿಗುವುದು ಇದು, ಕುದುರೆ ಶಕ್ತಿ ಅಲ್ಲ.

ಡಾಗ್ ಬಾಕ್ಸ್, ಅಂದರೆ ಸಿಂಕ್ರೊ ಇಲ್ಲದ ರೇಸ್ ಗೇರ್‌ಬಾಕ್ಸ್ ಹಾಕಿದ ರ‍್ಯಾಲಿ ಕಾರಿನವರಿಗೆ ಮೇಲಿನ ಜಗಳವೇ ಇಲ್ಲ. ಅವರು ದಪ್ಪ ಜಿಎಲ್-5 ಹಾಕುವುದನ್ನು ನೋಡಿ ನೀವೂ ಹಾಕಬೇಡಿ.

ಹಂತ 5: ಕೊಳ್ಳುವಾಗ

ಹೆಸರು ನೋಡಿ ಮೋಸ ಹೋಗುವುದು ಇಲ್ಲೇ. ರೆಡ್ ಲೈನ್ ಉದಾಹರಣೆ ತೆಗೆದುಕೊಳ್ಳಿ. ಅದರ ಎಂಟಿ-90 ಅನ್ನುವುದು 75ಡಬ್ಲ್ಯೂ-90, ಜಿಎಲ್-4, ಸಿಂಕ್ರೊ ಇರುವ ಗೇರ್‌ಬಾಕ್ಸ್‌ಗೆ. ಅದೇ ಕಂಪನಿಯ ಬರೀ "75ಡಬ್ಲ್ಯೂ90" ಜಿಎಲ್-5, ಡಿಫರೆನ್ಷಿಯಲ್‌ಗೆ. ಅದರಲ್ಲಿ ಎಲ್‌ಎಸ್‌ಡಿಗೆ ಬೇಕಾದ ಜಾರಿಕೆಯ ಸೇರಿಕೆ ಇದೆ. ಮೂರನೆಯದು "75ಡಬ್ಲ್ಯೂ90 ಎನ್‌ಎಸ್", ಅದೂ ಜಿಎಲ್-5, ಆದರೆ ಜಾರಿಕೆಯ ಸೇರಿಕೆ ಇಲ್ಲ. ಮೂರೂ ಒಂದೇ ಕಂಪನಿ, ಮೂರರಲ್ಲೂ 90, ಕೆಲಸ ಮಾತ್ರ ಬೇರೆ ಬೇರೆ. ಆನ್‌ಲೈನ್‌ನಲ್ಲಿ ಫೋಟೊ ನೋಡಿ ಒತ್ತಿಬಿಟ್ಟರೆ ಮುಗಿಯಿತು.

"ಎಲ್‌ಎಸ್", "ಲಿಮಿಟೆಡ್ ಸ್ಲಿಪ್" ಅಂತ ಬರೆದ ಡಬ್ಬವನ್ನು, ಒಳಗೆ ಕ್ಲಚ್ ಪ್ಲೇಟಿನ ಎಲ್‌ಎಸ್‌ಡಿ ಇಲ್ಲದಿದ್ದರೆ, ಗೇರ್‌ಬಾಕ್ಸ್‌ಗೆ ತರಬೇಡಿ. ಜಾರಿಕೆ ಹೆಚ್ಚಿಸುವ ಟೆಫ್ಲಾನ್ ತರಹದ ಬಾಟಲಿಗಳನ್ನೂ ಸೇರಿಸಬೇಡಿ. ಜಾರಿಕೆ ಜಾಸ್ತಿಯಾದರೆ ಏನಾಗುತ್ತದೆ ಅಂತ ನೋಡಿದೆವಲ್ಲ.

ಬೆಂಗಳೂರಿನಲ್ಲಿ ಜೆ.ಸಿ. ರೋಡ್ ಸುತ್ತಮುತ್ತ ಎಲ್ಲಾ ಕಂಪನಿಯ ಎಣ್ಣೆ ಸಿಗುತ್ತದೆ. ಎಲ್ಲೇ ತೆಗೆದುಕೊಂಡರೂ ಸೀಲ್ ಒಡೆಯದ ಡಬ್ಬ, ಬ್ಯಾಚ್ ನಂಬರ್, ತಯಾರಾದ ತಾರೀಖು ನೋಡಿ, ಬಿಲ್ ಕೇಳಿ. ಬಿಡಿಯಾಗಿ ಅಳೆದು ಕೊಡುವ ಎಣ್ಣೆ ನಿಮ್ಮ ಕಾರಿಗೆ ಬೇಡ. ಹೆಚ್ಚಿನ ಹ್ಯಾಚ್‌ಗಳಿಗೆ ಒಂದೂವರೆಯಿಂದ ಎರಡೂವರೆ ಲೀಟರ್ ಹಿಡಿಯುತ್ತದೆ. ಸುಬಾರು ಐದು ಗೇರಿನ ಪೆಟ್ಟಿಗೆಗೆ ಸುಮಾರು 3.5. ಅರ್ಧ ಲೀಟರ್ ಜಾಸ್ತಿಯೇ ತನ್ನಿ.

ಹಂತ 6: ಬದಲಾಯಿಸುವಾಗ

ಮನೆಯಲ್ಲೇ ಮಾಡುವವರಿಗೂ, ಗ್ಯಾರೇಜಿನಲ್ಲಿ ಪಕ್ಕ ನಿಂತು ನೋಡುವವರಿಗೂ ಇದೇ ಕ್ರಮ.

1. ಹತ್ತು ಹದಿನೈದು ನಿಮಿಷ ಓಡಿಸಿ ಬನ್ನಿ. ಬೆಚ್ಚಗಿನ ಎಣ್ಣೆ ಪೂರ್ತಿ ಇಳಿಯುತ್ತದೆ, ತಳದ ಕಸವನ್ನೂ ಜೊತೆಗೆ ತರುತ್ತದೆ.

2. ಕಾರನ್ನು ಸಮತಟ್ಟಾಗಿ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ. ಮುಂದಿನ ಭಾಗ ಮಾತ್ರ ಎತ್ತಿದರೆ ಎಣ್ಣೆಯ ಮಟ್ಟ ತಪ್ಪು ಬರುತ್ತದೆ.

3. ಮೊದಲು ತುಂಬುವ ಪ್ಲಗ್ ಬಿಚ್ಚಿ. ಇಳಿಸುವ ಪ್ಲಗ್ ಆಮೇಲೆ. ಇದನ್ನು ಎರಡು ಸಲ ಓದಿಕೊಳ್ಳಿ. ಒಂದು ಭಾನುವಾರ ನಾನು ಉಲ್ಟಾ ಮಾಡಿದೆ. ಎಣ್ಣೆಯೆಲ್ಲ ಇಳಿಯಿತು, ತುಂಬುವ ಪ್ಲಗ್ ತುಕ್ಕು ಹಿಡಿದು ಅಲುಗಾಡಲಿಲ್ಲ. ಕಾರು ಎರಡು ದಿನ ಸ್ಟ್ಯಾಂಡ್ ಮೇಲೇ ನಿಂತಿತ್ತು.

4. ಸರಿಯಾದ ಸಾಕೆಟ್ ಬಳಸಿ. ಫೋಕ್ಸ್‌ವ್ಯಾಗನ್ ಗುಂಪಿನ ಎಷ್ಟೋ ಗೇರ್‌ಬಾಕ್ಸ್‌ಗಳಿಗೆ ಒಳಗಿನಿಂದ ತಿರುಗಿಸುವ 17 ಎಂಎಂ ಆರು ಮೂಲೆಯ ಕೀ ಬೇಕು. ಹೋಂಡಾಗಳ ಇಳಿಸುವ ಪ್ಲಗ್‌ನಲ್ಲಿ ಚೌಕದ ತೂತಿರುತ್ತದೆ, ರ‍್ಯಾಚೆಟ್ ತುದಿಯೇ ನೇರ ಕೂರುತ್ತದೆ. ಗೇರ್‌ಬಾಕ್ಸ್ ಮೈ ಅಲ್ಯೂಮಿನಿಯಂ. ಬಲಪ್ರಯೋಗ ಮಾಡಿದರೆ ತೂತಿನ ಥ್ರೆಡ್ ಕಿತ್ತುಹೋಗುತ್ತದೆ.

5. ಇಳಿದ ಎಣ್ಣೆಯನ್ನು ಅಳೆಯಿರಿ. ಪುಸ್ತಕದಲ್ಲಿರುವುದಕ್ಕಿಂತ ಬಹಳ ಕಮ್ಮಿ ಬಂದರೆ ಎಲ್ಲೋ ಸೋರುತ್ತಿದೆ ಅಥವಾ ಹಿಂದಿನವರು ಕಮ್ಮಿ ಹಾಕಿದ್ದಾರೆ. ಮುಂಚಕ್ರದ ಕಾರುಗಳಲ್ಲಿ ಐದನೇ ಗೇರ್ ಸಾಮಾನ್ಯವಾಗಿ ಪೆಟ್ಟಿಗೆಯ ತುದಿಯಲ್ಲಿ, ಬೇರೆ ಮುಚ್ಚಳದೊಳಗೆ ಇರುತ್ತದೆ. ಎಣ್ಣೆ ಕಮ್ಮಿಯಾದರೆ ಮೊದಲು ಒಣಗುವುದು ಅದೇ.

6. ಪ್ಲಗ್‌ನ ಅಯಸ್ಕಾಂತ ನೋಡಿ. ಬೂದು ಬಣ್ಣದ ಪೇಸ್ಟ್ ಇದ್ದರೆ ಹೆದರಬೇಡಿ, ಅದು ಮಾಮೂಲಿ ಸವೆತ. ಕೈಗೆ ಚುಚ್ಚುವ ಉಕ್ಕಿನ ಚೂರು ಸಿಕ್ಕರೆ ಹಲ್ಲು ಅಥವಾ ಬೇರಿಂಗ್ ಮುರಿದಿದೆ. ಎಣ್ಣೆಯಲ್ಲಿ ಚಿನ್ನದ ಪುಡಿಯ ಹಾಗೆ ಮಿನುಗಿದರೆ ಅದು ಸಿಂಕ್ರೊದ ಹಿತ್ತಾಳೆ. ಹಿತ್ತಾಳೆ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಅದಕ್ಕೇ ಎಣ್ಣೆಯನ್ನು ಬಿಸಿಲಿಗೆ ಹಿಡಿದು ನೋಡಬೇಕು.

7. "ಒಳಗೆ ತೊಳೆದುಬಿಡೋಣ" ಅಂತ ಡೀಸೆಲ್ ಅಥವಾ ಸೀಮೆಎಣ್ಣೆ ಹಾಕಲು ಬಿಡಬೇಡಿ. ಅದು ಪೂರ್ತಿ ಹೊರಗೆ ಬರುವುದಿಲ್ಲ. ಒಳಗುಳಿದದ್ದು ಹೊಸ ಎಣ್ಣೆಯನ್ನು ತೆಳು ಮಾಡುತ್ತದೆ.

8. ಪ್ಲಗ್‌ಗೆ ಹೊಸ ವಾಷರ್ ಹಾಕಿ. ಹಳೆಯದು ಒಮ್ಮೆ ಚಪ್ಪಟೆಯಾದ ಮೇಲೆ ಮತ್ತೆ ಸರಿಯಾಗಿ ಕೂರುವುದಿಲ್ಲ. ಪುಸ್ತಕದಲ್ಲಿರುವ ಟಾರ್ಕ್‌ಗೆ, ಅಂದರೆ ಬಿಗಿಯ ಅಳತೆಗೆ ಮಾತ್ರ ತಿರುಗಿಸಿ.

9. ಹ್ಯಾಂಡ್ ಪಂಪ್ ಅಥವಾ ಉದ್ದ ಪೈಪಿಗೆ ಆಲಿಕೆ ಸಿಕ್ಕಿಸಿ ನಿಧಾನವಾಗಿ ತುಂಬಿ. ಬಹಳ ಕಾರುಗಳಲ್ಲಿ ತುಂಬುವ ತೂತಿನಿಂದ ಎಣ್ಣೆ ಸಣ್ಣಗೆ ಹೊರಗೆ ಬಂದರೆ ಮಟ್ಟ ಸರಿ. ಕೆಲವದರಲ್ಲಿ ಮಟ್ಟ ತೋರುವ ತೂತೇ ಇಲ್ಲ, ಪುಸ್ತಕ ಹೇಳಿದಷ್ಟು ಅಳೆದೇ ಹಾಕಬೇಕು. "ಇನ್ನೂ ಒಂದು ಗುಟುಕು ಇರಲಿ" ಅಂತ ಜಾಸ್ತಿ ಹಾಕಿದರೆ ನೊರೆ ಬರುತ್ತದೆ, ಗೇರ್‌ಬಾಕ್ಸ್‌ನ ಗಾಳಿಯಾಡುವ ಕೊಳವೆ (ಬ್ರೀದರ್) ಅಥವಾ ಸೀಲಿನಿಂದ ಹೊರಗೆ ಬಂದು ಕ್ಲಚ್ ಪ್ಲೇಟಿಗೂ ತಾಗಬಹುದು.

10. ಹಳೆಯ ಎಣ್ಣೆ ಮೋರಿಗೆ ಬೇಡ. ಹೊಸ ಎಣ್ಣೆ ಬಂದ ಡಬ್ಬಕ್ಕೇ ತುಂಬಿ, ಬಳಸಿದ ಎಣ್ಣೆಯನ್ನು ಮರುಬಳಕೆಯವರಿಗೆ ಕೊಡುವ ಗ್ಯಾರೇಜಿಗೆ ತಲುಪಿಸಿ.

ಹಂತ 7: ಆಮೇಲಿನ 500 ಕಿಲೋಮೀಟರ್

ಹೊರಗೆ ಬಂದ ತಕ್ಷಣ ತೀರ್ಪು ಕೊಡಬೇಡಿ. ಹೊಸ ಎಣ್ಣೆ ಸಿಂಕ್ರೊ ಮೇಲೆ ಹೊಂದಿಕೊಳ್ಳಲು ಸ್ವಲ್ಪ ಓಡಬೇಕು. ನಾನು 500 ಕಿಲೋಮೀಟರ್ ಕಾಯುತ್ತೇನೆ. ಅಷ್ಟರಲ್ಲಿ ಮೂರು ಸಂದರ್ಭ ಗಮನಿಸಿ: ಬೆಳಗ್ಗೆ ತಣ್ಣಗಿದ್ದಾಗ ಎರಡನೇ ಗೇರ್, ಬಿಸಿಯಾದ ಮೇಲೆ ಜೋರಾಗಿ ಎರಡರಿಂದ ಮೂರು, ಮತ್ತು ವೇಗದಿಂದ ಇಳಿಸುವಾಗ ಮೂರರಿಂದ ಎರಡು. ತಣ್ಣಗಿದ್ದಾಗ ಮಾತ್ರ ಗಟ್ಟಿ ಅನ್ನಿಸಿದರೆ ಎಣ್ಣೆ ದಪ್ಪವಾಯಿತು. ಬಿಸಿಯಾದಾಗ ಮಾತ್ರ ಕರ್ ಎಂದರೆ ಜಾರಿಕೆ ಜಾಸ್ತಿ, ಅಥವಾ ಸಿಂಕ್ರೊ ಆಗಲೇ ಸವೆದಿದೆ. ಮೊದಲು ಇಲ್ಲದ ಗುಂಯ್ ಶಬ್ದ ಶುರುವಾದರೆ ಮೊದಲು ಮಟ್ಟ ನೋಡಿ, ಆಮೇಲೆ ಎಣ್ಣೆ ತೆಳುವಾಯಿತಾ ಅಂತ ಯೋಚಿಸಿ.

ಮುಂದಿನ ಸಲ ಯಾವಾಗ? ಕೆಲವು ಪುಸ್ತಕಗಳಲ್ಲಿ "ಜೀವಮಾನವಿಡೀ ಬದಲಾಯಿಸಬೇಕಿಲ್ಲ" ಅಂತ ಇರುತ್ತದೆ. ಯಾರ ಜೀವಮಾನ ಅಂತ ಹೇಳಿರುವುದಿಲ್ಲ. ಚುರುಕಾಗಿ ಓಡಿಸುವ ರಸ್ತೆ ಕಾರಿಗೆ ನಾನು 40,000 ಕಿಲೋಮೀಟರ್ ಇಟ್ಟುಕೊಂಡಿದ್ದೇನೆ. ಘಾಟಿಯೇ ಜಾಸ್ತಿ ಇದ್ದರೆ 25,000ದಿಂದ 30,000. ಟ್ರ್ಯಾಕ್‌ಗೆ ಹೋಗುವವರು ಕಿಲೋಮೀಟರ್ ಲೆಕ್ಕ ಬಿಟ್ಟು ವರ್ಷಕ್ಕೊಮ್ಮೆ ಬದಲಾಯಿಸಿ. ಎರಡು ಲೀಟರ್ ಎಣ್ಣೆಯ ಬೆಲೆ ಗೇರ್‌ಬಾಕ್ಸ್ ಇಳಿಸುವ ಕೂಲಿಗಿಂತ ಕಮ್ಮಿ.

ಎಣ್ಣೆಯಿಂದ ಸರಿಹೋಗದ ತೊಂದರೆಗಳು

"ಮೂರು ಬಗೆಯ ಎಣ್ಣೆ ಹಾಕಿಸಿದೆ, ಗೇರ್ ಇನ್ನೂ ಬೀಳಲ್ಲ" ಅನ್ನುವವರು ನಾಲ್ಕನೇ ಡಬ್ಬ ತರುವ ಮೊದಲು ಎರಡು ಪರೀಕ್ಷೆ ಮಾಡಿ. ಖರ್ಚಿಲ್ಲ.

ಇಂಜಿನ್ ಆಫ್ ಮಾಡಿ, ಕ್ಲಚ್ ಒತ್ತಿ, ಎಲ್ಲಾ ಗೇರ್ ಹಾಕಿ ತೆಗೆಯಿರಿ. ಇಂಜಿನ್ ನಿಂತಿದ್ದಾಗಲೂ ಲಿವರ್ ಬಿಗಿಯಿದ್ದರೆ ತೊಂದರೆ ಬಹುಶಃ ಲಿವರ್ ಮತ್ತು ಗೇರ್‌ಬಾಕ್ಸ್ ನಡುವಿನ ಕೇಬಲ್, ಲಿಂಕೇಜ್ ಅಥವಾ ಬುಷ್‌ನದು.

ಇಂಜಿನ್ ಆನ್ ಮಾಡಿ, ನ್ಯೂಟ್ರಲ್‌ನಲ್ಲಿ ಬಿಡಿ. ಕ್ಲಚ್ ಪೂರ್ತಿ ಒತ್ತಿ ಮೂರು ನಾಲ್ಕು ಸೆಕೆಂಡ್ ಕಾದು ರಿವರ್ಸ್ ಹಾಕಿ. ಅಷ್ಟು ಕಾದ ಮೇಲೂ ಕರ್ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಆಗ ಕ್ಲಚ್‌ನ ಹೈಡ್ರಾಲಿಕ್ ನೋಡಿಸಿ, ಗಾಳಿ ಸೇರಿರಬಹುದು. ಹೆಚ್ಚಿನ ಕಾರುಗಳಲ್ಲಿ ಅದರಲ್ಲಿರುವುದು ಗೇರ್ ಆಯಿಲ್ ಅಲ್ಲ, ಬ್ರೇಕ್ ಫ್ಲೂಯಿಡ್. ಎಷ್ಟೋ ಕಾರುಗಳಲ್ಲಿ ಬ್ರೇಕ್‌ನ ಡಬ್ಬದಿಂದಲೇ ಕ್ಲಚ್‌ಗೂ ಹೋಗುತ್ತದೆ. ಬಾನೆಟ್ ತೆಗೆದು ಅದರ ಬಣ್ಣ ನೋಡಿ. ಚಹಾದ ಬಣ್ಣಕ್ಕೆ ತಿರುಗಿದ್ದರೆ ಮೊದಲು ಅದನ್ನು ಬದಲಾಯಿಸಿ, ಗಾಳಿ ತೆಗೆಸಿ. ಆಮೇಲೂ ಗೇರ್ ಕರ್ ಎಂದರೆ ಗೇರ್ ಆಯಿಲ್ ವಿಷಯಕ್ಕೆ ಬರೋಣ.